ಜೇಬಿಲ್ಲದ ಅಂಗಿ

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಸಪ್ಲೈಯರ್ ಆಗಿದ್ದವನನ್ನು ಆ ಬೀದಿಯವರೆಲ್ಲ ಲೋಟದಣ್ಣ ಎಂದೇ ಕರೆಯುತ್ತಿದ್ದರು. ಎರಡೂ ಕೈ ಸೇರಿಸಿ ಹನ್ನೆರಡು ಖಾಲಿ ಲೋಟಗಳನ್ನು ಒಟ್ಟಿಗೆ ಎತ್ತಿಕೊಂಡು, ಒಂದಕ್ಕೊಂದು ತಾಗಿದ ಸದ್ದೂ ಇಲ್ಲದೆ ಜನರ ನಡುವೆ ನುಸುಳಿ ಒಳಗೆ ಹೋಗುತ್ತಿದ್ದ. ಅದರಿಂದ ಬಂದ ಹೆಸರು. ಲೋಟದೊಳಗೆ ಬೆರಳಿಳಿಸಿ ಹಿಡಿಯುವುದು ಚೊಕ್ಕವಲ್ಲ ಎಂದು ಯಾರಾದರೂ ಗೊಣಗಿದರೆ, ಇವು ತೊಳೆಯೋಕೆ ಹೋಗ್ತಿವೆ ಸ್ವಾಮಿ, ಮೆರವಣಿಗೆಗಲ್ಲ ಎನ್ನುತ್ತಿದ್ದ.

ಅವನ ಓದು ಏಳನೆಯ ತರಗತಿಗೇ ನಿಂತಿತ್ತು. ಆದರೆ ಮೇಜು ಓದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾರಿಗೆ ಅವಸರ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಯಾರು ಒಂದು ಕಾಫಿಯಲ್ಲಿ ಅರ್ಧ ದಿನ ಕಳೆಯುವ ಆಸಾಮಿ ಎಂಬುದು ಅವರು ಕುರ್ಚಿ ಎಳೆಯುವ ರೀತಿಯಲ್ಲೇ ಅವನಿಗೆ ತಿಳಿದುಬಿಡುತ್ತಿತ್ತು. ಹೊಸದಾಗಿ ಸೇರಿದವರಿಗೆ ಅವನು ಹೇಳಿಕೊಡುತ್ತಿದ್ದ ಪಾಠ ಒಂದೇ: ಅಡುಗೆಮನೆ ಕಡೆ ಖಾಲಿ ಕೈಯಲ್ಲಿ ಹೆಜ್ಜೆ ಇಡಬಾರದು.

ಹೋಟೆಲಿನ ಮಾಲೀಕರು ಕೆಟ್ಟವರೇನಲ್ಲ, ಅನುಮಾನದ ಮನುಷ್ಯ ಅಷ್ಟೆ. ಗಿರಾಕಿ ಬಿಟ್ಟುಹೋದ ಚಿಲ್ಲರೆ ಗಲ್ಲಾಕ್ಕೇ ಬರಬೇಕೆಂದು ಸಪ್ಲೈಯರ್‌ಗಳಿಗೆಲ್ಲ ಜೇಬಿಲ್ಲದ ಅಂಗಿ ಹೊಲಿಸಿ ಕೊಡುತ್ತಿದ್ದರು. ಕಂದು ಬಣ್ಣದ ಅಂಗಿ, ಬೆನ್ನ ಮೇಲೆ ಹೋಟೆಲಿನ ಹೆಸರು, ಎದೆಯ ಮೇಲೆ ಬರೀ ಬಟ್ಟೆ. ಲೋಟದಣ್ಣ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡ, ಕರವಸ್ತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮೊದಮೊದಲು ಬೇಸರವಾಗುತ್ತಿತ್ತು. ವರ್ಷಗಳು ಕಳೆದಂತೆ, ಮನೆಯಲ್ಲಿ ಹಾಕಿಕೊಳ್ಳುವ ಅಂಗಿಯ ಜೇಬಿಗೂ ಅವನ ಕೈ ಹೋಗುವುದು ನಿಂತುಹೋಯಿತು.

ಹೆಂಡತಿಯೂ ಅದೇ ಹೋಟೆಲಿನವಳೇ. ಹಿಂದಿನ ಪಾತ್ರೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಎಂಜಲು ತಟ್ಟೆಗಳನ್ನು ಒಳಕ್ಕೆ ತಳ್ಳಲು ಮೊಣಕೈ ಎತ್ತರದಲ್ಲಿ ಒಂದು ಕಿಟಕಿ ಇತ್ತು. ಉಳಿದವರು ತಂದ ಹಾಗೇ ದಬ್ಬಿ ಹೋಗುತ್ತಿದ್ದರು. ಲೋಟದಣ್ಣನೊಬ್ಬ ಮಾತ್ರ ಎಂಜಲನ್ನೆಲ್ಲ ಬಳಿದು ಬಕೆಟ್ಟಿಗೆ ಹಾಕಿ, ದೊಡ್ಡದರ ಮೇಲೆ ಚಿಕ್ಕದನ್ನು ಜೋಡಿಸಿ ಇಡುತ್ತಿದ್ದ. ಆರು ತಿಂಗಳು ಹಾಗೆ ಬಳಿದ ತಟ್ಟೆ ಬಂದಮೇಲೆ ಅವಳು ಒಂದು ದಿನ ಕಿಟಕಿಯಿಂದ ತಲೆ ಹೊರಹಾಕಿ, ನನ್ನ ಮೇಲೆ ಇಷ್ಟು ಕರುಣೆ ಇಟ್ಟಿರೋ ಪುಣ್ಯಾತ್ಮ ಯಾರಪ್ಪಾ ಎಂದು ಕೇಳಿದಳಂತೆ. ಅವರ ಮದುವೆಯಾದಮೇಲೆ ಅಡುಗೆಯವರು ಅದನ್ನು ಎಂಜಲು ಕೂಡಿಸಿದ ನಂಟು ಎಂದು ಕರೆದು ವರ್ಷಗಟ್ಟಲೆ ನಕ್ಕರು.

ಮಂಡಿ ಕೈಕೊಟ್ಟು ಅವನು ಕೆಲಸ ಬಿಟ್ಟ ವರ್ಷವೇ ಹಡಗಿನಲ್ಲಿ ಪ್ರಯಾಣ ಮಾಡುವ ಯೋಗ ಒದಗಿ ಬಂತು. ರಸ್ತೆಯಾಚೆ ಟಿಕೆಟ್ ಕಾದಿರಿಸುವ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು, ಹೆಂಡತಿ ತೀರಿಕೊಂಡಮೇಲೆ ಎರಡು ಹೊತ್ತೂ ಲೋಟದಣ್ಣನ ಮೂಲೆಮೇಜಿನಲ್ಲೇ ಉಣ್ಣುತ್ತಿದ್ದರು. ಅವರು ಅಂಗಡಿ ಮುಚ್ಚುವಾಗ, ಹಳೆಯ ಏಜೆಂಟರೆಂದು ಹಡಗು ಕಂಪನಿಯವರು ದಂಪತಿಗೆಂದೇ ಇರುವ ಸೂಟ್ ಕೋಣೆಯಲ್ಲಿ ಐದು ದಿನದ ಪ್ರಯಾಣವನ್ನು ಉಡುಗೊರೆ ಕೊಟ್ಟರು. ಹಿರಿಯರು ಆ ಟಿಕೆಟಿನ ಲಕೋಟೆ ಹಿಡಿದು ನೇರ ಇವನ ಮನೆಗೆ ಬಂದರು.

"ಇಬ್ಬರು ಮಲಗೋ ಮಂಚದಲ್ಲಿ ನಾನೊಬ್ಬ ಹೋಗಿ ಏನು ಮಾಡ್ಲಿ? ಇಷ್ಟು ವರ್ಷ ನೀನು ನನಗೆ ಬಡಿಸಿದ್ದೀಯ. ಐದು ದಿನ ನಿನಗೂ ಯಾರಾದ್ರೂ ಬಡಿಸಲಿ" ಎಂದರು.

ಹಡಗಿನ ಊಟಕ್ಕೆ ಕೋಟು ಬೇಕೆಂದು ಲಕೋಟೆಯಲ್ಲಿ ಬರೆದಿತ್ತು. ಹೆಂಡತಿಯ ತಮ್ಮ ವಾದ್ಯದ ತಂಡದಲ್ಲಿ ತುತ್ತೂರಿ ಊದುವವನು. ಅವನ ಕೋಟನ್ನೇ ತಂದು, ಚಿನ್ನದ ಬಣ್ಣದ ಗುಂಡಿಗಳನ್ನು ಕಿತ್ತು ಕಪ್ಪು ಗುಂಡಿ ಹಚ್ಚಿದರು. ಭುಜದ ಮೇಲಿನ ಪಟ್ಟಿ ಬಿಚ್ಚಿದರೂ ಅದರ ಗುರುತು ಉಳಿಯಿತು. ಯಾರಾದ್ರೂ ಕೇಳಿದ್ರೆ ಸೈನ್ಯದಲ್ಲಿದ್ದೆ ಅನ್ನು ಭಾವ ಎಂದು ತಮ್ಮ ನಕ್ಕ.

ಸೂಟ್ ಕೋಣೆ ಇವರ ಮನೆಯ ಒಂದೂವರೆಯಷ್ಟಿತ್ತು. ಸಮುದ್ರದ ಕಡೆಗೆ ಪುಟ್ಟ ಬಾಲ್ಕನಿ, ಕಾಲು ಹೂತುಹೋಗುವ ನೆಲಹಾಸು, ಮಂಚದ ಮೇಲೆ ಬಿಳಿ ಟವೆಲನ್ನು ಮಡಿಸಿ ಮಾಡಿದ ಹಂಸ. ಅದನ್ನು ಬಿಡಿಸಲು ಹೆಂಡತಿಗೆ ಮನಸ್ಸು ಬರಲಿಲ್ಲ. ಇಬ್ಬರೂ ಮನೆಯಿಂದ ತಂದ ಹಳೆಯ ಟವೆಲಿನಲ್ಲೇ ಮೈ ಒರೆಸಿಕೊಂಡರು. ಎದುರಿಗೆ ಸಿಕ್ಕ ಸಿಬ್ಬಂದಿಯೆಲ್ಲ ನಗುತ್ತಾ ನಮಸ್ಕಾರ ಹೇಳುತ್ತಿದ್ದರು. ಲೋಟದಣ್ಣ ಪ್ರತಿಯೊಬ್ಬರಿಗೂ ನಿಂತು ತಿರುಗಿ ನಮಸ್ಕರಿಸುತ್ತಾ ಹೋಗಿ, ಊಟದ ಹಾಲ್ ಮುಟ್ಟುವ ಹೊತ್ತಿಗೆ ಹೆಂಡತಿಯಿಂದ ಬೈಸಿಕೊಂಡ.

ಸೂಟ್ ಕೋಣೆಯವರಿಗೆ ಬೇರೆಯೇ ಊಟದ ಹಾಲ್. ಪ್ರಯಾಣ ಮುಗಿಯುವವರೆಗೆ ಒಂದೇ ಮೇಜು, ಬಡಿಸುವವನೂ ಒಬ್ಬನೇ. ಇವರ ಮೇಜಿಗೆ ಬಂದವನು ನಲವತ್ತು ದಾಟಿದ, ನರೆತ ಮೀಸೆಯ ಸಣಕಲ. ಹೆಂಡತಿ ಮೊದಲ ದಿನವೇ ಅವನನ್ನು ತಮ್ಮಾ ಎಂದಳು. ಅವನು ಅವಳನ್ನು ಅಕ್ಕಾ ಎಂದ. ಯಾವ ಚಮಚ ಯಾವುದಕ್ಕೆ ಎಂದು ಅವಳು ತಬ್ಬಿಬ್ಬಾದಾಗ, ಬೇರೆಯವರಿಗೆ ಕೇಳದಂತೆ ಬಗ್ಗಿ, ಹೊರಗಿನ ಚಮಚದಿಂದ ಒಳಕ್ಕೆ ಬನ್ನಿ ಅಕ್ಕಾ, ತಪ್ಪಿದ್ರೂ ಸಮುದ್ರವೇನೂ ಬತ್ತಲ್ಲ ಎಂದ. ಅವನು ತಟ್ಟೆ ಇಡುವ ರೀತಿ, ನೀರು ಮುಗಿಯುವ ಒಂದು ಗುಟುಕು ಮೊದಲೇ ಬಂದು ನಿಲ್ಲುವ ರೀತಿ ನೋಡಿ ಲೋಟದಣ್ಣನಿಗೆ ಒಳಗೊಳಗೇ ಖುಷಿಯಾಯಿತು. ಹಾಡುವವನಿಗೆ ಇನ್ನೊಬ್ಬನ ಹಾಡು ಕೇಳಿದಂತಾಯಿತು.

ಅದೇ ಮೇಜಿಗೆ ಜವಳಿ ವ್ಯಾಪಾರಿಯೊಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ದೊಡ್ಡ ದನಿಯ, ದೊಡ್ಡ ಉಂಗುರದ ಮನುಷ್ಯ, ಮನಸ್ಸೂ ಚಿಕ್ಕದಲ್ಲ. ಮೊದಲ ಸಂಜೆಯೇ ನಿಮ್ಮದೇನು ಉದ್ಯೋಗ ಎಂದು ಕೇಳಿದರು. ಹೋಟೆಲ್ ಲೈನು ಎಂದ ಲೋಟದಣ್ಣ. ಸ್ವಂತದ್ದಾ ಎಂದು ಅವರು ಕೇಳುವಾಗ ಅವನ ಬಾಯಲ್ಲಿ ಬ್ರೆಡ್ಡಿತ್ತು. ಅವನು ತಲೆಯಾಡಿಸಿದ. ಅದು ಹೌದೆಂದು ಆಡಿಸಿದ್ದೋ ಇಲ್ಲವೆಂದು ಆಡಿಸಿದ್ದೋ ಅವನಿಗೇ ಆ ಕ್ಷಣಕ್ಕೆ ಖಚಿತವಿರಲಿಲ್ಲ. ವ್ಯಾಪಾರಿಯವರು ಹೌದೆಂದುಕೊಂಡರು. ಬ್ರೆಡ್ಡು ನುಂಗಿದಮೇಲೆ ತಿದ್ದಬಹುದಿತ್ತು. ತಿದ್ದಲಿಲ್ಲ. ಹೆಂಡತಿ ಮುಖ ನೋಡಿದಳು, ಅವನು ಕಿಟಕಿಯ ಕಡೆ ನೋಡಿದ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಹಡಗಿನಲ್ಲಿ ಅದಕ್ಕೆ ಈಜು ಬಂತು. ಎರಡನೆಯ ದಿನದ ಹೊತ್ತಿಗೆ ಲೋಟದಣ್ಣನ ಹೋಟೆಲಿಗೆ ಒಂದು ಶಾಖೆಯಾಯಿತು, ಅದು ಆಸ್ಪತ್ರೆಯ ಪಕ್ಕದಲ್ಲಿತ್ತು, ಅದನ್ನು ನೋಡಿಕೊಳ್ಳಲು ಭಾವಮೈದನಿದ್ದ. ಹೇಳುತ್ತಾ ಹೇಳುತ್ತಾ ಅವನ ಬೆನ್ನು ನೆಟ್ಟಗಾಯಿತು, ದನಿ ಗಂಟಲಿನಿಂದ ಹೊಟ್ಟೆಗಿಳಿಯಿತು. ಗಲ್ಲಾದ ಮೇಲೆ ಕೂತ ಮಾಲೀಕರು ಮಾತಾಡುವಾಗ ಮಾಡುತ್ತಿದ್ದಂತೆ ಎರಡು ಬೆರಳಿನಿಂದ ಮೇಜು ಕುಟ್ಟಿದ. ಕೋಣೆಗೆ ಬಂದಮೇಲೆ ಹೆಂಡತಿ, ಶಾಖೆಯ ಬೀಗದ ಕೈ ನನ್ನ ಕೈಯಲ್ಲಿ ಕೊಡಿ, ಹೋಗಿ ಕಸ ಗುಡಿಸಿ ಬರ್ತೀನಿ ಎಂದಳು. ಅವನು ನಕ್ಕ. ಅವಳು ನಗಲಿಲ್ಲ.

ಮೂರನೆಯ ಸಂಜೆ ವ್ಯಾಪಾರಿಯವರು ತಮಗೂ ಒಂದು ಹೋಟೆಲು ತೆರೆಯುವ ಆಸೆಯಿದೆ ಎಂದು ಮಾತು ತೆಗೆದರು. ಸಪ್ಲೈಯರ್‌ಗಳದ್ದೇ ತಲೆನೋವಂತೆ, ಅವರನ್ನು ಹದ್ದುಬಸ್ತಿನಲ್ಲಿ ಇಡುವುದು ಹೇಗೆ ಎಂದು ಕೇಳಿದರು. ನರೆತ ಮೀಸೆಯವನು ಆಗ ಅವರ ಹಿಂದೆಯೇ ನಿಂತು ನೀರು ಸುರಿಯುತ್ತಿದ್ದ.

"ಅಂಗಿಗೆ ಜೇಬು ಇಡಿಸಬೇಡಿ," ಎಂದ ಲೋಟದಣ್ಣ. "ನಮ್ಮಲ್ಲಿ ನಾನು ಮೊದಲಿಂದ ಹಾಗೇ ಮಾಡಿರೋದು. ಜೇಬಿದ್ರೆ ತಾನೆ ಕೈ ಹೋಗೋದು. ಆ ಜನಕ್ಕೆ ಒಂದು ಬೆರಳು ಕೊಟ್ರೆ ಕೈನೇ ನುಂಗ್ತಾರೆ."

ವ್ಯಾಪಾರಿಯವರು ಭಲೇ ಎಂದು ಮೇಜು ತಟ್ಟಿದರು. ಅವರ ಹೆಂಡತಿ ಪಾತ್ರೆ ತೊಳೆಯುವವರು ಸಿಗುವುದೂ ಕಷ್ಟವಂತಲ್ಲ ಎಂದರು. ಲೋಟದಣ್ಣ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. ಅವನದ್ದಲ್ಲ, ಮಾಲೀಕರದ್ದು, ಸಾವಿರ ಸಲ ಕೇಳಿದ್ದು. "ಹೆಂಗಸರನ್ನ ಇಟ್ಕೊಳ್ಳಿ. ಕೊಟ್ಟಷ್ಟು ತಗೊಂಡು ಬಾಯಿ ಮುಚ್ಕೊಂಡು ತೊಳೀತಾರೆ."

ಹೆಂಡತಿ ಚಮಚವನ್ನು ತಟ್ಟೆಯ ಮೇಲಿಟ್ಟಳು. ಅವಳ ಬೆರಳ ತುದಿಗಳು ಸೋಪಿನ ನೀರಿಗೆ ಸವೆದು ನುಣುಪಾಗಿದ್ದವು. ಆ ಕೈಗಳನ್ನು ಅವಳು ಮೇಜಿನ ಕೆಳಗಿಳಿಸಿಕೊಂಡಳು. ಲೋಟದಣ್ಣ ಅದನ್ನು ಕಂಡ. ಕಂಡೂ ಮಾತು ಮುಂದುವರಿಸಿದ, ಏಕೆಂದರೆ ನಿಲ್ಲಿಸಿದರೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ಬಾಯಿ ಹೀಗೆ ಮಾಲೀಕರದ್ದಾಗಿದ್ದಾಗ ಕೈ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. ಮೀನಿನ ತಟ್ಟೆಗಳು ಖಾಲಿಯಾಗಿದ್ದವು. ಮಾತಿನ ಭರದಲ್ಲಿ ಅವನ ಎಡಗೈ ನಾಲ್ಕು ತಟ್ಟೆಗಳನ್ನು ಎಳೆದುಕೊಂಡಿತು, ಬಲಗೈ ಮುಳ್ಳುಗಳನ್ನೆಲ್ಲ ಮೇಲಿನದಕ್ಕೆ ಬಳಿಯಿತು, ಚಾಕು ಚಮಚಗಳನ್ನು ಅಡ್ಡ ಜೋಡಿಸಿತು. ಆಮೇಲೆ ಖಾಲಿಯಾಗಿದ್ದ ನಾಲ್ಕು ಶರಬತ್ತಿನ ಲೋಟಗಳೊಳಗೆ ಬೆರಳು ಇಳಿಸಿ ಎತ್ತಿಕೊಂಡು ಅವನು ಎದ್ದೇ ನಿಂತ. ಎರಡು ಹೆಜ್ಜೆ ಅಡುಗೆಮನೆಯ ಬಾಗಿಲ ಕಡೆ ಇಟ್ಟಮೇಲೆ ಸುತ್ತಲ ಮೇಜುಗಳು ಸುಮ್ಮನಾದದ್ದು ಅವನಿಗೆ ಕೇಳಿಸಿತು.

ನರೆತ ಮೀಸೆಯವನು ಬೇಗ ಬಂದು ತಟ್ಟೆಗಳನ್ನು ತೆಗೆದುಕೊಂಡ. ಅವನ ಮುಖ ಅರಳಿತ್ತು. ಪರದೇಶದಲ್ಲಿ ನಂಟನನ್ನು ಕಂಡವನ ಮುಖ ಅದು.

"ಇದು ಕಲಿತ ಕೈ ಅಣ್ಣಾ," ಎಂದು ಮೆಲ್ಲಗೆ ಹೇಳಿದ. "ಎಷ್ಟು ವರ್ಷ ಬಡಿಸಿದ್ರಿ?"

ಮೆಲ್ಲಗೆ ಹೇಳಿದರೂ ವ್ಯಾಪಾರಿಯವರಿಗೆ ಕೇಳಿತು. ಅವರು ಹುಬ್ಬೇರಿಸಿ ಲೋಟದಣ್ಣನ ಮುಖ ನೋಡಿದರು. ಲೋಟದಣ್ಣನ ಕಿವಿ ಕಾದ ಹಂಚಾಯಿತು.

"ನಿನ್ನ ಕೆಲಸ ನೀನು ನೆಟ್ಟಗೆ ಮಾಡಿದ್ರೆ ನಾನ್ಯಾಕೆ ಎಂಜಲು ತಟ್ಟೆ ಮುಟ್ಟಬೇಕಿತ್ತು?" ಎಂದ. "ಅಣ್ಣ ತಮ್ಮ ಅಂತ ನಂಟು ಬೆಳೆಸೋಕೆ ಬಂದಿಲ್ಲ ನಾವಿಲ್ಲಿ."

ಊಟದ ಹಾಲ್‌ನ ಮೇಲ್ವಿಚಾರಕಿ ಹತ್ತಿರದಲ್ಲೇ ಇದ್ದಳು. ಬಂದು ಕ್ಷಮೆ ಕೇಳಿದಳು, ಏನಾಯಿತು ಎಂದು ವಿಚಾರಿಸಿದಳು. ವ್ಯಾಪಾರಿಯವರು ಸ್ನೇಹಿತನ ಪರ ವಹಿಸಿ, ನಿಧಾನ ಕಣಮ್ಮಾ ಇವನು, ಅತಿಥಿಗಳೇ ತಟ್ಟೆ ಎತ್ತೋ ಹಾಗಾಯ್ತು ಎಂದರು. ಅವಳು ಚೀಟಿಯಲ್ಲಿ ಬರೆದುಕೊಂಡು, ಹೌದೇ ಸರ್ ಎಂದು ಲೋಟದಣ್ಣನನ್ನು ಕೇಳಿದಳು. ಅವನು ತಲೆಯಾಡಿಸಿದ. ಈ ಸಲ ಅದು ಯಾವ ಕಡೆ ಆಡಿತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಗಿನ ತಿಂಡಿಗೆ ಬಡಿಸಲು ಬೇರೆಯವನು ಬಂದ. ಆ ತಮ್ಮ ಎಲ್ಲಿ ಎಂದು ಹೆಂಡತಿ ಕೇಳಿದಳು. ಅವನನ್ನು ಕೆಳಗಿನ ಅಂತಸ್ತಿನ ಪಾತ್ರೆ ವಿಭಾಗಕ್ಕೆ ಹಾಕಿದ್ದಾರೆ ಎಂದ ಹೊಸಬ. ಸೂಟ್ ಕೋಣೆಯ ಅತಿಥಿಗಳ ದೂರು ಬಂದರೆ ಹಾಗೆಯೇ, ಈ ಸುತ್ತು ಮುಗಿದಮೇಲೆ ಮತ್ತೆ ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ ಅದೂ ಅನುಮಾನ ಎಂದು, ಹೇಳಬಾರದಿತ್ತೇನೋ ಎಂಬಂತೆ ಬಾಯಿ ಮುಚ್ಚಿಕೊಂಡ.

ಹೆಂಡತಿ ತಿಂಡಿ ಮುಟ್ಟದೆ ಎದ್ದು ಕೋಣೆಗೆ ಹೋದಳು. ಲೋಟದಣ್ಣ ಹಿಂದೆಯೇ ಹೋದ. ಅವಳು ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದಳು. ಬಿಸಿಲಿಗೆ ನೀರು ತಗಡಿನಂತೆ ಹೊಳೆಯುತ್ತಿತ್ತು. ಅವನು ಏನೇನೋ ಹೇಳಿದ. ತಾನು ಬೇಕೆಂದು ಮಾಡಲಿಲ್ಲ, ಆ ವ್ಯಾಪಾರಿ ಕೆದಕಿ ಕೆದಕಿ ಕೇಳಿದ, ಅಷ್ಟು ಜನ ನೋಡುತ್ತಿದ್ದರು, ತನ್ನ ಬಾಯಿಗೆ ಯಾವ ದೆವ್ವ ಹೊಕ್ಕಿತೋ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ನೀವು ಮಾಲೀಕರಾದ್ರಿ. ಆಗಿ, ಯಾರು ಬೇಡ ಅಂದ್ರು," ಎಂದಳು. "ನಾನು ಯಾರಾದೆ?"

ಇಷ್ಟು ವರ್ಷದಲ್ಲಿ ಅವನು ಅವಳಿಗೆ ತಂದುಕೊಟ್ಟದ್ದು ಹೆಚ್ಚೇನಿಲ್ಲ. ಬಳಿದ ತಟ್ಟೆ ಕೊಟ್ಟವನು ಎಂಬ ಒಂದು ಹೆಸರಿತ್ತು. ನಿನ್ನೆ ನಾಲ್ಕು ಜನರ ಮುಂದೆ ಆ ತಟ್ಟೆಯನ್ನೂ ಅವನೇ ಎತ್ತಿ ಎಸೆದಿದ್ದ. ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ.

ಅವನು ಮೇಲ್ವಿಚಾರಕಿಯನ್ನು ಹುಡುಕಿಕೊಂಡು ಒಬ್ಬನೇ ಹೋದ. ಗುಟ್ಟಾಗಿ ಹೇಳಿ ಗುಟ್ಟಾಗಿ ಮುಗಿಸಿಬಿಡುವ ಆಸೆ ಅವನಿಗಿತ್ತು. ದೂರು ತಪ್ಪು, ಅವನನ್ನು ಮೇಲೆ ಕರೆಸಿ ಎಂದ. ಅವಳು ವಿನಯದಿಂದಲೇ, ಬಾಯಿಮಾತಿನಲ್ಲಿ ಆಗುವುದಿಲ್ಲ ಸರ್, ಕಾರಣ ಬರೆದು ಸಹಿ ಹಾಕಬೇಕು ಎಂದು ಕಾಗದ ಕೊಟ್ಟಳು. ಕೊರಳ ದಾರದ ಕನ್ನಡಕ ಏರಿಸಿಕೊಂಡು ಅವನು ಅರ್ಧ ಗಂಟೆ ಕೂತು ನಾಲ್ಕು ಸಾಲು ಬರೆದ. ನಾನೂ ಸಪ್ಲೈಯರ್ ಕೆಲಸದವನು. ಮೇಜಿನವರ ಹತ್ತಿರ ಮಾಲೀಕ ಎಂದು ಸುಳ್ಳು ಹೇಳಿದ್ದೆ. ಅದು ಹೊರಗೆ ಬೀಳುತ್ತದೆಂದು ಹೆದರಿ ಆತನ ಮೇಲೆ ತಪ್ಪು ಹೊರಿಸಿದೆ. ಆತನ ಬಡಿಸುವಿಕೆಯಲ್ಲಿ ಒಂದು ಕೊರತೆಯೂ ಇಲ್ಲ, ನಾನು ಬಲ್ಲೆ.

ಅವಳು ಓದಿದಳು. ಅವಳ ಮುಖ ಬದಲಾಗಲಿಲ್ಲ. ಅದಕ್ಕಾಗಿ ಅವನು ಮನಸ್ಸಿನಲ್ಲೇ ಕೈಮುಗಿದ. ಆಮೇಲೆ ಅವಳು, ನಿನ್ನೆಯ ದೂರಿನಲ್ಲಿ ನಿಮ್ಮ ಮೇಜಿನ ಇನ್ನೊಬ್ಬರ ಹೆಸರೂ ಇದೆ, ಇದರ ಕೆಳಗೆ ಅವರ ಸಹಿಯೂ ಬೇಕು ಎಂದಳು. ಆ ಕಾಗದವನ್ನು ಅವನಿಗೇ ಹಿಂದಿರುಗಿಸಿದಳು.

ಕೋಣೆಗೆ ಬಂದು ಹೆಂಡತಿಗೆ ಕಾಗದ ತೋರಿಸಿದ. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ವ್ಯಾಪಾರಿಗೆ ಬೇರೆ ಏನಾದರೂ ಹೇಳಿ ಸಹಿ ಮಾತ್ರ ಹಾಕಿಸಿಕೊಳ್ಳಬಹುದೇನೋ ಎಂದು ಅವನು ಮೆಲ್ಲಗೆ ಕೇಳಿದ.

"ಸುಳ್ಳು ಎಲ್ಲಿ ಹೇಳಿದ್ರೋ ನಿಜಾನೂ ಅಲ್ಲೇ ಹೇಳಿ," ಎಂದಳು ಅವಳು. ಸೀರೆ ಬದಲಿಸಿ ಊಟಕ್ಕೆ ಹೊರಟಳು.

ಮಧ್ಯಾಹ್ನದ ಊಟದಲ್ಲಿ ಸೂಪು ಬರುವ ಮೊದಲೇ ಲೋಟದಣ್ಣ ಕಾಗದವನ್ನು ವ್ಯಾಪಾರಿಯವರ ಮುಂದಿಟ್ಟ. ಏನಿದು ಎಂದು ಅವರು ಕೇಳಿದರು. ಓದಿ ಎಂದ. ಅವರು ಕನ್ನಡಕ ಕೋಣೆಯಲ್ಲಿದೆ, ನೀವೇ ಹೇಳಿ ಎಂದರು. ಬೇರೆ ದಾರಿಯಿರಲಿಲ್ಲ. ಬರೆದ ನಾಲ್ಕು ಸಾಲನ್ನು ಅವನು ತನ್ನ ಬಾಯಿಂದಲೇ ಓದಿ ಹೇಳಿದ. ಎರಡನೆಯ ಸಾಲಿನಲ್ಲಿ ತಡವರಿಸಿ ಮತ್ತೆ ಮೊದಲಿಂದ ಓದಬೇಕಾಯಿತು.

ವ್ಯಾಪಾರಿಯವರು ತಮಾಷೆಯೆಂದುಕೊಂಡು ನಗಲು ಹೊರಟು ಅರ್ಧಕ್ಕೇ ನಿಲ್ಲಿಸಿದರು.

"ಹಾಗಾದ್ರೆ ಆ ಜೇಬಿಲ್ಲದ ಅಂಗಿ?"

"ಹೊಲಿಸಿದ್ದು ಮಾಲೀಕರು. ತೊಟ್ಟಿದ್ದು ನಾನು."

ವ್ಯಾಪಾರಿಯ ಹೆಂಡತಿ ಏನನ್ನೋ ನೆನಪಿಸಿಕೊಂಡವರಂತೆ ಕತ್ತೆತ್ತಿದರು. ಅವರು ಕೇಳುವ ಮೊದಲೇ ಲೋಟದಣ್ಣನ ಹೆಂಡತಿ ತನ್ನೆರಡು ಕೈಗಳನ್ನೂ ಬಿಳಿಯ ಮೇಜುಬಟ್ಟೆಯ ಮೇಲಿಟ್ಟಳು.

"ಬಾಯಿ ಮುಚ್ಕೊಂಡು ತೊಳೆದೋಳು ನಾನು," ಎಂದಳು. "ಬಾಯಿ ಏನೂ ಮುಚ್ಚಿರಲಿಲ್ಲ ಬಿಡಿ. ಇವರನ್ನೇ ಕೇಳಿ."

ಯಾರೂ ನಗಲಿಲ್ಲ. ವ್ಯಾಪಾರಿಯವರು ಜೇಬಿನಿಂದ ಪೆನ್ನು ತೆಗೆದು, ಎಲ್ಲಿ ಎಂದು ಕೇಳಿ, ಲೋಟದಣ್ಣ ಬೆರಳಿಟ್ಟಲ್ಲಿ ಸಹಿ ಹಾಕಿದರು. ಮೊದಲೇ ಹೇಳಿದ್ರೆ ನಾವೇನು ಎದ್ದು ಹೋಗ್ತಿದ್ವಾ ಎಂದು ಒಂದು ಮಾತು ಹೇಳಿದರು. ಹೋಗುತ್ತಿರಲಿಲ್ಲ ಎಂದು ಅವನಿಗೂ ಅನ್ನಿಸಿತು. ಹಾಗಿದ್ದಮೇಲೆ ಆ ಸುಳ್ಳು ಯಾರಿಗಾಗಿ ಎಂದು ಯೋಚಿಸುತ್ತಾ ಅವನು ಸೂಪನ್ನು ಆರಲು ಬಿಟ್ಟ. ಊಟ ಮುಗಿಯುವವರೆಗೆ ವ್ಯಾಪಾರಿಯವರು ಹವೆಯ ವಿಚಾರ ಬಿಟ್ಟು ಬೇರೆ ಮಾತಾಡಲಿಲ್ಲ. ಕೊನೆಯ ಸಂಜೆ ಅವರು ಊಟವನ್ನು ಕೋಣೆಗೇ ತರಿಸಿಕೊಂಡರು.

ಕೊನೆಯ ಸಂಜೆ ನರೆತ ಮೀಸೆಯವನು ಮೇಜಿಗೆ ಮರಳಿದ. ಇಸ್ತ್ರಿ ಮಾಡಿದ ಬಿಳಿ ಕೋಟು, ಅದೇ ನಡಿಗೆ. ಅವನ ಬೆರಳ ತುದಿಗಳು ನೀರಿಗೆ ನೆನೆದು ಸುಕ್ಕುಗಟ್ಟಿದ್ದವು. ಹೆಂಡತಿ ಅವನನ್ನು ಕಂಡದ್ದೇ, ಕೆಳಗೆ ಯಾವ ಸೋಪು ಕೊಡ್ತಾರೆ ತಮ್ಮಾ, ಕೈ ಹೀಗಾಗಿದೆ ಎಂದಳು. ಅವನು ಬಗ್ಗಿ ಅವಳಿಗೆ ಏನೋ ಹೇಳಿದ. ಇಬ್ಬರೂ ಯಂತ್ರದಲ್ಲಿ ತೊಳೆದ ತಟ್ಟೆಗೂ ಕೈಯಲ್ಲಿ ತೊಳೆದ ತಟ್ಟೆಗೂ ಇರುವ ವ್ಯತ್ಯಾಸದ ಬಗ್ಗೆ ಒಂದು ನಿಮಿಷ ಮಾತಾಡಿ ನಕ್ಕರು.

ಲೋಟದಣ್ಣ ಅವಕಾಶಕ್ಕೆ ಕಾದಿದ್ದ. "ತಮ್ಮಾ, ತಪ್ಪಾಯ್ತು. ನಾನು ಹಾಗನ್ನಬಾರದಿತ್ತು."

"ಅಯ್ಯೋ, ಅದೇನಿಲ್ಲ ಸರ್," ಎಂದ ಅವನು. "ನೀವು ಸಂತೋಷವಾಗಿದ್ರೆ ನಮಗದೇ ಸಾಕು. ಮೀನು ಕೊಡಲೇ, ಕೋಳಿ ಕೊಡಲೇ?"

ಅವನು ನಕ್ಕ. ಒಳ್ಳೆಯ ನಗು, ಎಲ್ಲೂ ಕುಂದಿಲ್ಲದ್ದು. ಲೋಟದಣ್ಣನಿಗೆ ಆ ನಗುವಿನ ಒಳಹೊರಗೆಲ್ಲ ಗೊತ್ತಿತ್ತು. ಒಮ್ಮೆ ಕಾಫಿ ತಣ್ಣಗಿದೆ ಎಂದು ಇಡೀ ಹೋಟೆಲಿಗೆ ಕೇಳುವಂತೆ ಬೈದಿದ್ದ ಗುಮಾಸ್ತನೊಬ್ಬ ಮರುದಿನ ಬಂದು ತಪ್ಪಾಯ್ತು ಎಂದಿದ್ದ. ಅಯ್ಯೋ, ಅದೇನಿಲ್ಲ ಸ್ವಾಮಿ ಎಂದು ಇವನೂ ಹೀಗೆಯೇ ನಕ್ಕಿದ್ದ. ನಕ್ಕು, ನೇರವಾಗಿ ಪಾತ್ರೆಮನೆಯ ಕಿಟಕಿಗೆ ಹೋಗಿ, ಆ ಗುಮಾಸ್ತ ಮೂಗೊರೆಸಿಕೊಳ್ಳುತ್ತಾ ಕ್ಷಮೆ ಕೇಳಿದ್ದನ್ನು ಅಣಕಿಸಿ ತೋರಿಸಿದ್ದ. ಅವಳು ಸೋಪಿನ ನೊರೆಯಲ್ಲಿ ಕೈಯಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು. ಆ ಗುಮಾಸ್ತ ಆಮೇಲೆ ಹತ್ತು ವರ್ಷ ಬಂದ. ಬಂದಾಗಲೆಲ್ಲ ಅವರಿಬ್ಬರೂ ನಕ್ಕರು. ಅವನನ್ನು ಯಾರೂ ಕ್ಷಮಿಸಲಿಲ್ಲ.

ಲೋಟದಣ್ಣ ಮೀನು ಎಂದ. ಮೀನು ಬಂತು. ಮುಳ್ಳು ಬಿಡಿಸಿ ನಿಧಾನವಾಗಿ ತಿಂದ. ತಿಂದಾದಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಲೂ ಇಲ್ಲ, ಹೇಗಿತ್ತೋ ಹಾಗೇ ಬಿಟ್ಟು ಕೂತ. ಬಲಗಡೆಯಿಂದ ಬಂದ ಕೈ ಅದನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಯಿತು.

"ಏನು ಯೋಚನೆ?" ಎಂದಳು ಹೆಂಡತಿ.

"ಕೆಳಗೆ ಹೋಗಿ ಹೇಳ್ತಾನೆ ಅವನು. ನಾನು ಹೇಗೆ ಕ್ಷಮೆ ಕೇಳಿದೆ ಅಂತ."

ಹೆಂಡತಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅದು ಇನ್ನೂ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು.

"ಹೇಳ್ಲಿ ಬಿಡಿ," ಎಂದಳು. "ಅಲ್ಲಿ ನಿಂತು ತೊಳೆಯೋರಿಗೂ ನಗೋಕೆ ಏನಾದ್ರೂ ಬೇಡ್ವಾ?"